ಮೂಗಿನ ಸಾಕ್ಷಿ

ಪ್ಯೋ ಒಕ್‌ಬುನ್ ಹತ್ತಿರ ಮೀಟರು ಇರಲಿಲ್ಲ. ಮೂಗಿತ್ತು.

ಸೊಕ್‌ಗೊಲ್ ಊರಿನ ಮೂವತ್ತೊಂದು ಮನೆಗಳಲ್ಲಿ ಆ ಮೂಗಿಗೆ ಮರ್ಯಾದೆಯಿತ್ತು. ಅವಳ ಹಿತ್ತಿಲಲ್ಲಿ ಇಪ್ಪತ್ತೆರಡು ಮಣ್ಣಿನ ಜಾಡಿಗಳು ಸಾಲಾಗಿ ನಿಂತಿದ್ದವು. ಅವುಗಳ ತುಂಬ ಸೋಯಾ ಕಾಳು ಬೇಯಿಸಿ ಹುದುಗಿಸಿದ ದ್ವೆನ್‌ಜಾಂಗ್. ಮುಚ್ಚಳ ಎತ್ತಿ ಒಂದು ಸಲ ಮೂಸಿದರೆ ಸಾಕು, ಈ ಜಾಡಿಗೆ ಇನ್ನೆರಡು ತಿಂಗಳು ಬಿಸಿಲು ಬೇಕು, ಆ ಜಾಡಿಗೆ ಉಪ್ಪು ಕಡಿಮೆ ಬಿದ್ದಿದೆ ಎಂದು ಹೇಳಿಬಿಡುತ್ತಿದ್ದಳು. ಅವಳ ತವರು ಗಾಮ್‌ಗೊಕ್. ಹಾಗಾಗಿ ಊರಿಗೆಲ್ಲ ಅವಳು ಗಾಮ್‌ಗೊಕ್ ಅಕ್ಕ. ಯಾರ ಮನೆಯ ಜಾಡಿ ಕೈಕೊಟ್ಟರೂ ಗಾಮ್‌ಗೊಕ್ ಅಕ್ಕನನ್ನು ಕರೆದುಕೊಂಡು ಹೋಗಿ ಮೂಸಿಸುತ್ತಿದ್ದರು.

"ನಲವತ್ತು ವರ್ಷ ಬಾಳಿದೀನಿ ಇವಳ ಜೊತೆ. ಗುಟ್ಟಾಗಿ ಒಂದು ಸಿಗರೇಟು ಸೇದಕ್ಕಾಗಿಲ್ಲ" ಎನ್ನುತ್ತಿದ್ದ ಗಂಡ ಕಿ ಮಾನ್‌ಸೊಪ್. ದೂರಿನ ಹಾಗೆ ಹೇಳಿದರೂ ಅವನಿಗೆ ಅದು ಹೆಮ್ಮೆಯ ಮಾತು.

ಊರಿನ ಮೇಲುಗಡೆ ಅನಿಲ ಘಟಕ ಬಂತು. ಹಂದಿ ಸಾಕಣೆಯ ಹೊಲಸು, ಪಟ್ಟಣದ ಅಡುಗೆಮನೆಗಳ ಕಸ ಎರಡನ್ನೂ ಕೊಳೆಸಿ, ಅದರಿಂದ ಹೊರಡುವ ಅನಿಲದಲ್ಲಿ ಕರೆಂಟು ಮಾಡುತ್ತಾರಂತೆ. ಉದ್ಘಾಟನೆಯ ದಿನ ದೊಡ್ಡವರು ಭಾಷಣ ಮಾಡಿದರು. ಮನೆಗೊಂದು ಟವೆಲ್ ಕೊಟ್ಟರು. ಟವೆಲಿನ ಮೇಲೆ ಹಸಿರು ಎಲೆಯ ಚಿತ್ರವಿತ್ತು. ಅನಿಲ ತೆಗೆದ ಮೇಲೆ ಉಳಿದ ಕರಿನೀರು ಒಂದು ತೆರೆದ ಕಾಲುವೆಯಲ್ಲಿ ನಾನೂರು ಮೀಟರು ಹರಿದು, ಊರಿನ ಗದ್ದೆಕಾಲುವೆ ಸೇರುವ ಮೊದಲು ಒಂದು ಹೂಳುಗುಂಡಿಗೆ ಬೀಳುತ್ತಿತ್ತು. ಕಾಲುವೆಯ ಪಕ್ಕದಲ್ಲೇ ಒಕ್‌ಬುನ್ ಹಿತ್ತಿಲು.

ಮೊದಲನೇ ಬೇಸಿಗೆಯಲ್ಲೇ ಕೊಳೆತ ಮೊಟ್ಟೆಯ ವಾಸನೆ ಮನೆಯೊಳಗೆ ಬಂತು. ಬೆಳಗಿನ ಜಾವ ಹೆಚ್ಚು, ಮಧ್ಯಾಹ್ನ ಕಡಿಮೆ. ಚಳಿಗಾಲದ ಹೊತ್ತಿಗೆ ಹದಿನೈದು ವರ್ಷದಿಂದ ಕೊಳ್ಳುತ್ತಿದ್ದ ಗಿರಾಕಿಯೊಬ್ಬಳು ದ್ವೆನ್‌ಜಾಂಗ್ ಡಬ್ಬಿಯನ್ನು ಹಿಂದಕ್ಕೆ ಕಳಿಸಿದಳು. ಜೊತೆಗೆ ಒಂದು ಚೀಟಿ: ತಪ್ಪು ತಿಳಿಯಬೇಡಿ, ಇದರಲ್ಲಿ ಕಕ್ಕಸಿನ ವಾಸನೆ ಬರ್ತಿದೆ.

ಒಕ್‌ಬುನ್ ಚೀಟಿಯನ್ನು ಎರಡು ಸಲ ಓದಿದಳು. ಡಬ್ಬಿ ತೆರೆದು ಮೂಸಿದಳು. ಗಿರಾಕಿ ಸುಳ್ಳು ಹೇಳಿರಲಿಲ್ಲ. ಅವತ್ತೇ ಅಂಗಡಿಗೆ ಹೋಗಿ ಗೆರೆ ಹಾಕಿದ ನೋಟುಪುಸ್ತಕ ತಂದು ವಾಸನೆಯ ದಿನಚರಿ ಬರೆಯಲು ಶುರು ಮಾಡಿದಳು. ತಾರೀಕು, ಗಂಟೆ, ಗಾಳಿಯ ದಿಕ್ಕು, ವಾಸನೆಯ ಬಲ. ವಾಸನೆ ಇಲ್ಲದಿದ್ದರೆ ಸೊನ್ನೆ, ಸಹಿಸಲು ಆಗದಿದ್ದರೆ ಐದು. ಕೊನೆಗೆ ಸಹಿ.

ಮೊದಲ ಸಾರ್ವಜನಿಕ ಸಭೆ ಊರಿನ ಮಂಟಪದಲ್ಲೇ ನಡೆಯಿತು. ಎಲ್ಲರೂ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತಿದ್ದರು. ಜಿಲ್ಲಾ ಕಚೇರಿಯ ಪರಿಸರ ವಿಭಾಗದಿಂದ ಸೊಲ್ ಆಯೊಂಗ್ ಎಂಬ ಇಪ್ಪತ್ತೊಂಬತ್ತು ವರ್ಷದ ಹುಡುಗಿ ಬಂದಿದ್ದಳು. ಜೊತೆಗೆ ರಾಜಧಾನಿಯ ಒಬ್ಬ ಪ್ರೊಫೆಸರ್. ಸೊಲ್ ಗೋಡೆಯ ಮೇಲೆ ನಕ್ಷೆ ತೋರಿಸಿದಳು. ಘಟಕದ ಬೇಲಿಯ ಹತ್ತಿರ ಗಾಳಿ ಹಿಡಿದು ವಾಸನೆ ಅಳೆದಿದ್ದೇವೆ, ಮಿತಿ ಹದಿನೈದು, ಇಲ್ಲಿ ಬಂದದ್ದು ಎಂಟು ಎಂದಳು.

"ಎಷ್ಟು ಗಂಟೆಗೆ ಬಂದಿದ್ರಿ?" ಒಕ್‌ಬುನ್ ಕೇಳಿದಳು.

"ಮಧ್ಯಾಹ್ನ ಎರಡಕ್ಕೆ."

"ಬರ್ತೀವಿ ಅಂತ ಘಟಕದವರಿಗೆ ಹೇಳಿದ್ರಾ?"

"ಹಿಂದಿನ ದಿನ ನೋಟಿಸ್ ಕೊಡ್ಬೇಕು ಅಂತ ನಿಯಮ ಇದೆ, ಅಮ್ಮಾ."

ಹಿಂದಿನ ಸಾಲಿನಿಂದ ಯೊಂಗ್‌ಪಾಲ್ ಕೆಮ್ಮಿದ. ಅವನು ಊರಿನ ಯುವಕ ಸಂಘದ ಅಧ್ಯಕ್ಷ. ವಯಸ್ಸು ಐವತ್ತನಾಲ್ಕು. ಅವನಿಗಿಂತ ಚಿಕ್ಕವರು ಊರಲ್ಲಿ ಯಾರೂ ಉಳಿದಿರಲಿಲ್ಲ. "ಒಳ್ಳೇ ನಿಯಮ. ಇನ್ಮೇಲೆ ಕಳ್ಳರನ್ನ ಹಿಡಿಯೋ ಮುಂಚೆನೂ ಪೊಲೀಸ್ನೋರು ಫೋನ್ ಮಾಡ್ಲಿ. ಅವರೂ ಮನೆ ಗುಡಿಸಿ ಇಟ್ಕೋತಾರೆ."

ಜನ ನಕ್ಕರು. ಪ್ರೊಫೆಸರ್ ನಗಲಿಲ್ಲ. "ನೋಡಿ, ವಾಸನೆ ಅನ್ನೋದು ಮುಕ್ಕಾಲು ಪಾಲು ಮನಸ್ಸಿಂದು. ಘಟಕ ಬೇಡ ಅಂತ ಮನಸ್ಸಲ್ಲಿದ್ರೆ ಮೂಗಿಗೆ ವಾಸನೆ ಬಂದೇ ಬರುತ್ತೆ. ಅಂಕಿ ಹಾಗಲ್ಲ. ಅಂಕಿಗೆ ಇಷ್ಟ ಕಷ್ಟ ಇರಲ್ಲ" ಎಂದರು.

ಸೊಲ್ ತಲೆ ತಗ್ಗಿಸಿ ತನ್ನ ಕಾಗದ ನೋಡುತ್ತಿದ್ದಳು. ಎಂಟು ಎನ್ನುವ ಅಂಕಿ ಅವಳದೇ. ಅವಳು ಸುಳ್ಳು ಬರೆದಿರಲಿಲ್ಲ. ಆ ಮಧ್ಯಾಹ್ನ ಘಟಕದ ಬಾಗಿಲುಗಳೆಲ್ಲ ಮುಚ್ಚಿದ್ದವು, ಕಾಲುವೆಗೆ ಕರಿನೀರು ಬಿಟ್ಟಿರಲಿಲ್ಲ. ಅದನ್ನು ಬರೆಯಲು ಫಾರಮ್ಮಿನಲ್ಲಿ ಜಾಗ ಇರಲಿಲ್ಲ.

ಎರಡನೇ ಸಭೆ ಆರು ತಿಂಗಳ ಮೇಲೆ, ಜಿಲ್ಲಾ ಕಚೇರಿಯ ದೊಡ್ಡ ಹಾಲಿನಲ್ಲಿ. ಈ ಸಲ ಒಕ್‌ಬುನ್ ದಿನಚರಿಯ ಮೂರು ಪುಸ್ತಕಗಳನ್ನು ತಂದಿದ್ದಳು. ಮಾನ್‌ಸೊಪ್ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಒಂದು ಗಂಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಪಕ್ಕದ ಸೀಟಿನವನು ಎದ್ದು ಹೋಗಿ ನಿಂತುಕೊಂಡು ಬಂದನಂತೆ.

ಪ್ರೊಫೆಸರ್ ಮತ್ತೆ ಅದೇ ನಕ್ಷೆ ತೋರಿಸಿ ಮುಗಿಸಿದ ಮೇಲೆ ಒಕ್‌ಬುನ್ ಎದ್ದಳು. ಮುಂದಿನ ಮೇಜಿನ ಮೇಲೆ ಗಂಟು ಬಿಚ್ಚಿದಳು. ಒಳಗಿದ್ದದ್ದು ಒಂದು ಹತ್ತಿಯ ರಜಾಯಿ. ಒಗೆದು ಕಾಲುವೆಯ ಪಕ್ಕದ ತಂತಿಯ ಮೇಲೆ ಒಂದು ದಿನ ಒಣಗಿಸಿದ್ದು, ಅಷ್ಟೇ. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದು ಕೊಡವಿದಳು.

ಮುಂದಿನ ಸಾಲಿನವರು ಕರವಸ್ತ್ರ ಹುಡುಕಿದರು. ಯಾರೋ ಒಬ್ಬ ಎದ್ದು ಹೊರಗೆ ಹೋದ. ಪ್ರೊಫೆಸರ್ ತಾವೇ ಹೋಗಿ ಕಿಟಕಿ ತೆರೆದರು.

"ಮನಸ್ಸಿಂದು ಅಂದಿದ್ರಲ್ಲ ಸಾರ್" ಒಕ್‌ಬುನ್ ಕೇಳಿದಳು. "ಕಿಟಕಿ ಯಾಕೆ ತೆಗೀತೀರಿ?"

ಪ್ರೊಫೆಸರರ ಅಂಕಿಗಳೆಲ್ಲ ಆ ಒಂದು ಮಾತಿಗೆ ಬಿದ್ದುಹೋದವು. ಮರುದಿನ ಪತ್ರಿಕೆಯಲ್ಲಿ ರಜಾಯಿಯ ಫೋಟೋ ಬಂತು.

ಊರು ಎರಡು ಬೇಡಿಕೆ ಇಟ್ಟಿತ್ತು. ಒಂದು, ಕಾಲುವೆಯನ್ನೂ ಹೂಳುಗುಂಡಿಯನ್ನೂ ಕಾಂಕ್ರೀಟ್ ಹಲಗೆ ಹಾಕಿ ಪೂರ್ತಿ ಮುಚ್ಚಬೇಕು. ಇನ್ನೊಂದು, ಒಕ್‌ಬುನ್ ದಿನಚರಿಯನ್ನು ಮೀಟರಿಗೆ ಸಮನಾದ ಅಧಿಕೃತ ದಾಖಲೆ ಅಂತ ಒಪ್ಪಬೇಕು. ಘಟಕದ ಮ್ಯಾನೇಜರ್ ಎರಡಕ್ಕೂ ಕೂಡಲೇ ತಲೆಯಾಡಿಸಿದ. ಕರಿನೀರನ್ನು ಶುದ್ಧ ಮಾಡುವುದಕ್ಕಿಂತ ಮುಚ್ಚುವುದು ಸುಲಭ. "ಜನರ ಅಭಿಪ್ರಾಯವೇ ನಮಗೆ ಮುಖ್ಯ" ಎಂದ. ಕಂಪನಿಯೂ ಊರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು.

ಬೇಡ ಎಂದವಳು ಸೊಲ್ ಒಬ್ಬಳೇ.

"ಮುಚ್ಚಿದ್ರೆ ವಾಸನೆ ಹೊರಗೆ ಬರಲ್ಲ, ನಿಜ. ಆದ್ರೆ ಅನಿಲ ಎಲ್ಲಿಗೂ ಹೋಗಲ್ಲ. ಒಳಗೇ ಕೂತಿರುತ್ತೆ. ನೀರನ್ನೇ ಶುದ್ಧ ಮಾಡ್ಬೇಕು. ಅದಾಗಲ್ಲ ಅಂದ್ರೆ ಅಲ್ಲಲ್ಲಿ ಗಾಳಿಕೊಳವೆನಾದ್ರೂ ಬಿಡ್ಬೇಕು."

"ಕೊಳವೆ ಬಿಟ್ರೆ ವಾಸನೆ ಎಲ್ಲಿಂದ ಬರುತ್ತೆ?" ಊರಿನ ಮುಖಂಡ ಮ್ಯೊಂಗ್ ಕೇಳಿದ. ಅರವತ್ತಾರು ವರ್ಷದ ಮೆಲುದನಿಯ ಮನುಷ್ಯ. ಅವನನ್ನು ಎಲ್ಲರೂ ಹುದ್ದೆಯ ಹೆಸರಿನಲ್ಲಿ ಇಜಾಂಗ್ ಎಂದೇ ಕರೆಯುತ್ತಿದ್ದರು.

"ಕೊಳವೆಯಿಂದ" ಸೊಲ್ ಒಪ್ಪಿಕೊಂಡಳು.

"ಹಂಗಾದ್ರೆ ಇಷ್ಟೆಲ್ಲ ಕೂಗಾಡಿದ್ದು ಯಾಕಮ್ಮ ನಾವು?"

"ಅವರ ಕಡೆಯೋಳು ಬಿಡಿ ಇಜಾಂಗ್" ಯೊಂಗ್‌ಪಾಲ್ ಹೇಳಿದ. "ಎಂಟು ಅಂತ ಬರೆದೋಳು ಇವಳೇ ಅಲ್ವಾ."

ಒಕ್‌ಬುನ್ ಆ ಹುಡುಗಿಯ ಮುಖ ನೋಡಿದಳು. ಹುಡುಗಿ ಕೆಂಪಾಗಿದ್ದಳು. ಒಕ್‌ಬುನ್‌ಗೆ ಅಯ್ಯೋ ಅನಿಸಲಿಲ್ಲ. ಗಿರಾಕಿಯ ಚೀಟಿ ಇನ್ನೂ ಅವಳ ದಿನಚರಿಯ ಮೊದಲ ಪುಟದಲ್ಲೇ ಇತ್ತು.

ಚಳಿ ಶುರುವಾಗುವ ಮುಂಚೆ ಕಾಲುವೆ ಮುಚ್ಚಿತು. ಹೂಳುಗುಂಡಿಯ ಮೇಲೂ ಹಲಗೆ ಬಿತ್ತು. ಒಬ್ಬ ಮನುಷ್ಯ ಇಳಿಯುವಷ್ಟು ಅಗಲದ ಒಂದು ಕಬ್ಬಿಣದ ಮುಚ್ಚಳ ಮಾತ್ರ ಇಟ್ಟರು. ಒಂದೇ ವಾರದಲ್ಲಿ ಹಿತ್ತಿಲಿನಲ್ಲಿ ಬರೀ ಜಾಡಿಗಳ ವಾಸನೆ ಉಳಿಯಿತು. ದಿನಚರಿಯಲ್ಲಿ ಸೊನ್ನೆ. ಮರುದಿನವೂ ಸೊನ್ನೆ. ಡಿಸೆಂಬರ್, ಜನವರಿ, ಫೆಬ್ರುವರಿ ಪುಟಗಳ ತುಂಬ ಸೊನ್ನೆಗಳು. ಹಳೆಯ ಗಿರಾಕಿ ಮತ್ತೆ ಒಂದು ಡಬ್ಬಿ ತರಿಸಿಕೊಂಡಳು. ಮಾನ್‌ಸೊಪ್ ಹಿತ್ತಿಲಲ್ಲಿ ನಿಂತು ಸಿಗರೇಟು ಹಚ್ಚಿದರೆ ಒಕ್‌ಬುನ್ ಒಳಗಿನಿಂದಲೇ ಬಯ್ಯುತ್ತಿದ್ದಳು.

"ವಾಸನೆ ಇದ್ದಾಗಲೇ ಚೆನ್ನಾಗಿತ್ತು ಕಣೇ" ಎನ್ನುತ್ತಿದ್ದ ಅವನು. "ಸಿಗರೇಟು ಸೇದಿದ್ರೆ ಗೊತ್ತಾಗ್ತಿರ್ಲಿಲ್ಲ."

ಮಾರ್ಚ್ ಕೊನೆಯ ಶನಿವಾರ ಊರಿನ ಸಾಮೂಹಿಕ ಕೆಲಸದ ದಿನ. ಗದ್ದೆಗೆ ನೀರು ಬಿಡುವ ಮೊದಲು ಕಾಲುವೆಗಳ ಹೂಳು ತೆಗೆಯಬೇಕು. ಮನೆಗೊಬ್ಬರು ಬರಲೇಬೇಕು. ಬೆಳಿಗ್ಗೆ ಆರಕ್ಕೇ ಇಜಾಂಗ್ ಧ್ವನಿವರ್ಧಕದಲ್ಲಿ ಕೂಗಿದ. ಹೂಳುಗುಂಡಿಗೆ ಇಳಿಯುವುದು ಮನೆಮನೆಯ ಸರದಿ. ಈ ವರ್ಷ ಸರದಿ ಕಿ ಮಾನ್‌ಸೊಪ್ ಮನೆಯದು.

ಎಂಟೂವರೆಗೆ ಗುಂಡಿಯ ಹತ್ತಿರ ಇಪ್ಪತ್ತು ಜನ ಸೇರಿದ್ದರು. ಇಪ್ಪತ್ತು ಹೆಜ್ಜೆ ಆಚೆ ಹೆಂಗಸರು ಒಲೆ ಹೂಡಿ, ಎಳ್ಳೆಣ್ಣೆಯಲ್ಲಿ ಈರುಳ್ಳಿ ಸೊಪ್ಪಿನ ದೋಸೆ, ಜೊನ್, ಸುಡುತ್ತಿದ್ದರು. ಮಾನ್‌ಸೊಪ್ ರಬ್ಬರ್ ಬೂಟು ಹಾಕಿಕೊಂಡು ಸಿದ್ಧವಾಗಿದ್ದ. ಆಗ ಸೊಲ್ ಆಯೊಂಗ್ ಕಾರಿನಿಂದ ಇಳಿದಳು. ಅವತ್ತು ಅವಳಿಗೆ ರಜೆ. ಯಾರೂ ಕಳಿಸಿರಲಿಲ್ಲ. ಕೈಯಲ್ಲಿ ವಿಷಾನಿಲ ಅಳೆಯುವ ಮುಷ್ಟಿ ಗಾತ್ರದ ಹಳದಿ ಮೀಟರಿತ್ತು.

"ಐದು ನಿಮಿಷ ಅಣ್ಣಾ. ಮುಚ್ಚಳ ತೆಗೆದು ಇದನ್ನ ಒಂದ್ಸಲ ಇಳಿಬಿಡ್ತೀನಿ."

ಇಬ್ಬರು ಮುಚ್ಚಳ ಎತ್ತಿದರು. ಅವಳು ದಾರ ಕಟ್ಟಿ ಮೀಟರನ್ನು ಕೆಳಗೆ ಬಿಟ್ಟಳು. ಅದು ಕಿರುಚಲು ಶುರು ಮಾಡಿತು. ಮೇಲೆ ಎಳೆದು ಅಂಕಿ ತೋರಿಸಿದಳು. ನೂರ ನಲವತ್ತು.

"ಹತ್ತು ದಾಟಿದ್ರೇನೇ ಇಳೀಬಾರ್ದು. ಕೈಮುಗೀತೀನಿ, ಇವತ್ತು ಬೇಡ. ಗಾಳಿ ಊದೋ ಯಂತ್ರ ತರಿಸ್ತೀನಿ, ಸೋಮವಾರ ಮಾಡೋಣ."

ಯೊಂಗ್‌ಪಾಲ್ ಸಲಿಕೆಗೆ ಒರಗಿ ನಿಂತ. "ಹೋದ ವರ್ಷ ಊರೆಲ್ಲ ನಾರ್ತಿದ್ದಾಗ ನಿಮ್ಮ ಯಂತ್ರ ಏನೂ ಇಲ್ಲ ಅಂತು. ಈಗ ಏನೂ ಇಲ್ದಿರೋವಾಗ ಇದೆ ಅಂತಿದೆ. ಬ್ಯಾಟರಿ ತಿರುಗಾಮುರುಗಾ ಹಾಕಿದೀರೇನೋ ನೋಡಿ."

ಎಲ್ಲರೂ ನಕ್ಕರು. ಮಾನ್‌ಸೊಪ್ ಕೂಡ. ಇಜಾಂಗ್ ನಗದೆ ಒಕ್‌ಬುನ್ ಕಡೆ ತಿರುಗಿದ. "ಗಾಮ್‌ಗೊಕ್ ಅಕ್ಕ, ನೀವು ಹೇಳಿ. ನಿಮ್ಮ ಮೂಗು ಏನನ್ನುತ್ತೆ?"

ಒಕ್‌ಬುನ್ ಮುಚ್ಚಳದ ಹತ್ತಿರ ಮಂಡಿಯೂರಿದಳು. ಬಗ್ಗಿ ಉಸಿರೆಳೆದಳು. ಕೊಳೆತ ಮೊಟ್ಟೆ ಮೂಗಿಗೆ ಹೊಡೆಯಿತು. ಇನ್ನೊಂದು ಸಲ ಎಳೆದಳು. ಕಡಿಮೆಯಿತ್ತು. ಇನ್ನೂ ಮೂರು ನಾಲ್ಕು ಸಲ ಎಳೆದಳು. ಏನೂ ಇರಲಿಲ್ಲ. ಚಳಿಗಾಲವಿಡೀ ಮುಚ್ಚಿದ್ದು ಒಂದು ಸಲ ಹೊರಗೆ ಬಂದು ಹೋಯಿತು ಅಂದುಕೊಂಡಳು. ಜಾಡಿಯ ಮುಚ್ಚಳ ತೆಗೆದಾಗಲೂ ಮೊದಲು ಹೀಗೇ ಒಂದು ಉಸಿರು ಬಂದು ಹೋಗುತ್ತದೆ.

"ಮೊದಲು ಸ್ವಲ್ಪ ಬಂತು. ಈಗಿಲ್ಲ. ಗಾಳಿಯಾಡ್ತು."

"ಇಲ್ಲಮ್ಮಾ" ಸೊಲ್ ಅವಳ ತೋಳು ಹಿಡಿದಳು. "ಜಾಸ್ತಿ ಇದ್ರೆ ಮೂಗೇ ಸತ್ತುಹೋಗುತ್ತೆ. ವಾಸನೆ ಹೋಗಿಲ್ಲ, ನಿಮಗೆ ಗೊತ್ತಾಗ್ತಿಲ್ಲ ಅಷ್ಟೇ. ಅದೇ ಇದರ ಅಪಾಯ."

ಒಕ್‌ಬುನ್ ಎದ್ದು ನಿಂತಳು. ತಲೆ ಸ್ವಲ್ಪ ಭಾರವಾಗಿತ್ತು. ಇಪ್ಪತ್ತು ಹೆಜ್ಜೆ ಆಚೆ ಬಾಣಲೆಯಿಂದ ಹೊಗೆ ನೇರವಾಗಿ ಇವರ ಕಡೆಗೇ ಬರುತ್ತಿತ್ತು. ಎಳ್ಳೆಣ್ಣೆಯ ವಾಸನೆ ಮಾತ್ರ ಬರಲಿಲ್ಲ. ಅದನ್ನು ಅವಳು ಗಮನಿಸಿದಳು. ಒಂದು ಕ್ಷಣ ಬಾಯಿ ತೆರೆದಳು ಕೂಡ. ಆದರೆ ಇಪ್ಪತ್ತು ಜನ ಅವಳ ಮುಖ ನೋಡುತ್ತಿದ್ದರು. ಮೂಗು ಸತ್ತುಹೋಗುತ್ತೆ ಎಂದು ಹೇಳುತ್ತಿದ್ದವಳು ಎಂಟು ಎಂದು ಬರೆದ ಹುಡುಗಿ.

"ಇವಳ ಮಾತು ಕೇಳಿ ಎರಡು ವರ್ಷ ಕೊಳೆತಿದೀವಿ" ಎಂದಳು ಒಕ್‌ಬುನ್. ಚೀಲದಿಂದ ದಿನಚರಿ ತೆಗೆದು ನಿಂತಲ್ಲೇ ಬರೆದಳು. ಎಂಟು ನಲವತ್ತು. ಹೂಳುಗುಂಡಿ. ಗಾಳಿ ಪೂರ್ವದಿಂದ. ಸೊನ್ನೆ. ಸಹಿ.

"ಹಂಗಾದ್ರೆ ಇಳೀತೀನಿ" ಮಾನ್‌ಸೊಪ್ ಕೈಗವಸು ಎಳೆದುಕೊಂಡ. "ಜೊನ್ ಆರೋಕೆ ಬಿಡಬೇಡಿ. ಬೇಗ ಬರ್ತೀನಿ."

ಏಣಿ ಇಳಿದು ಅವನು ಹೂಳಿನಲ್ಲಿ ಮೊಣಕಾಲುದ್ದ ನಿಂತ. ಮೊದಲ ಸಲಿಕೆ ಹಾಕಿ ಎತ್ತಿದ. ಕಲಕಿದ ಹೂಳು ಗುಳುಗುಳು ಎಂದಿತು. ಎರಡನೇ ಸಲಿಕೆ ಹಾಕಿದವನು ಎತ್ತಲಿಲ್ಲ. ಕೂಗಲೂ ಇಲ್ಲ. ಯಾರೋ ಹಿಂದಿನಿಂದ ಮಂಡಿಗೆ ಹೊಡೆದ ಹಾಗೆ ಕುಸಿದು ಮುಖ ಕೆಳಗಾಗಿ ಬಿದ್ದ.

"ಅಣ್ಣ ಜಾರಿಬಿದ್ರು" ಎಂದ ಯೊಂಗ್‌ಪಾಲ್, ಸಲಿಕೆ ಬಿಸಾಕಿ ಇಳಿದ. ಏಣಿಯ ಕೊನೆಯ ಮೆಟ್ಟಿಲು ಮುಟ್ಟುವ ಮೊದಲೇ ಅವನ ಕೈ ಬಿಟ್ಟಿತು.

ಸೊಲ್ ಕಿರುಚುತ್ತಿದ್ದಳು. ಯಾರೂ ಇಳೀಬೇಡಿ, ಯಾರೂ ಇಳೀಬೇಡಿ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಇಜಾಂಗನ ಕೋಟು ಹಿಡಿದಿದ್ದಳು. ಇಜಾಂಗ್ ತನ್ನ ಮೆಲುದನಿಯಲ್ಲೇ ಹೇಳಿದ: "ಕೈ ಬಿಡಮ್ಮ. ಅವರನ್ನ ಕೆಲಸಕ್ಕೆ ಕರೆದೋನು ನಾನು." ಕೋಟು ಅವಳ ಕೈಯಲ್ಲೇ ಉಳಿಯಿತು. ಅವನು ಏಣಿ ಇಳಿದುಹೋದ.

ಒಕ್‌ಬುನ್ ಹೊಟ್ಟೆ ಮೇಲೆ ಮಲಗಿ, ಎದೆಯವರೆಗೂ ಗುಂಡಿಯೊಳಗೆ ಬಗ್ಗಿ ಗಂಡನ ಕಡೆ ಕೈ ಚಾಚಿದಳು. ಅವನ ನೀಲಿ ಟೋಪಿ ಕಾಣುತ್ತಿತ್ತು. ಅವಳಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಯಾರೋ ಹಿಂದಿನಿಂದ ಅವಳ ಕಾಲು ಹಿಡಿದು ಎಳೆದರು. ಅದು ಸೊಲ್ ಎಂದು ಆಮೇಲೆ ಗೊತ್ತಾಯಿತು.

ಅಗ್ನಿಶಾಮಕದವರು ಹತ್ತೊಂಬತ್ತು ನಿಮಿಷಕ್ಕೆ ಬಂದರು. ಮುಖವಾಡ ಹಾಕಿಕೊಂಡು ಇಳಿದು ಮೂವರನ್ನೂ ತೆಗೆದು ಹುಲ್ಲಿನ ಮೇಲೆ ಮಲಗಿಸಿದರು. ಒಲೆಯ ಮೇಲಿನ ಜೊನ್ ಹೊತ್ತಿ ಕರಕಲಾಗಿತ್ತು. ಯಾರಿಗೂ ಅದನ್ನು ಇಳಿಸಬೇಕೆಂದು ತೋಚಿರಲಿಲ್ಲ.

ಒಕ್‌ಬುನ್ ಆರು ದಿನ ಆಸ್ಪತ್ರೆಯಲ್ಲಿದ್ದಳು. ಗಂಡನ ಶವಸಂಸ್ಕಾರಕ್ಕೆ ಅಲ್ಲಿಂದಲೇ ಕರೆದುಕೊಂಡು ಹೋದರು. ಫೋಟೋದ ಮುಂದೆ ಊದುಬತ್ತಿ ಹಚ್ಚುವಾಗ ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು. ಹೊಗೆಗೆ ಕಣ್ಣು ಉರಿಯಿತು. ಅಷ್ಟೇ. ವಾಸನೆ ಹಿಡಿಯುವ ಶಕ್ತಿ ವಾಪಸ್ಸು ಬರಬಹುದು ಎಂದರು ಡಾಕ್ಟರು, ಮೂರು ತಿಂಗಳು ಎಂದರು, ಆಮೇಲೆ ಒಂದು ವರ್ಷ ಎಂದರು.

ಮೂರನೇ ಸಭೆ ಜೂನ್ ತಿಂಗಳಲ್ಲಿ, ಅದೇ ದೊಡ್ಡ ಹಾಲಿನಲ್ಲಿ ನಡೆಯಿತು. ಪ್ರೊಫೆಸರ್ ಬಂದಿರಲಿಲ್ಲ. ಕಂಪನಿಯ ಪರವಾಗಿ ಒಬ್ಬ ವಕೀಲ ಬಂದಿದ್ದ. ಸಭ್ಯ ಮನುಷ್ಯ. ಮೊದಲು ಸತ್ತ ಮೂವರಿಗೂ ತಲೆಬಾಗಿ ನಮಸ್ಕಾರ ಮಾಡಿ, ಆಮೇಲೆ ಗೋಡೆಯ ಮೇಲೆ ಒಂದು ಪುಟ ತೋರಿಸಿದ. ಗೆರೆ ಹಾಕಿದ ಹಾಳೆ. ಎಂಟು ನಲವತ್ತು. ಸೊನ್ನೆ.

"ಇದು ಅಧಿಕೃತ ದಾಖಲೆ. ಊರಿನವರೇ ಕೇಳಿ, ನಾವೆಲ್ಲ ಒಪ್ಪಿದ್ದು. ಸಹಿ ನಿಮ್ಮದೇನಾ ಅಮ್ಮಾ?"

"ನಂದೇ."

ಸೊಲ್ ಆಯೊಂಗಳನ್ನೂ ಕರೆದರು. ಎಚ್ಚರಿಕೆ ಕೊಟ್ಟಿದ್ದಿರಾ? ಕೊಟ್ಟಿದ್ದೆ. ಮತ್ತೆ ಜನ ಯಾಕೆ ಕೇಳಲಿಲ್ಲ?

ಸೊಲ್ ಹೇಳಿದಳು: "ಅದಕ್ಕೂ ಮುಂಚೆ ಎಂಟು ಅಂತ ಹೇಳಿದೋಳು ನಾನೇ. ಆ ಎಂಟು ಸರಿಯಿಲ್ಲ ಅಂತ ನಂಗೆ ಗೊತ್ತಿತ್ತು. ಹೇಳ್ಲಿಲ್ಲ."

ಒಕ್‌ಬುನ್ ಕೈಯೆತ್ತಿದಳು. "ನಂದೂ ಒಂದಿದೆ. ಅವತ್ತು ಆಚೆ ಜೊನ್ ಸುಡ್ತಿದ್ರು. ಹೊಗೆ ನಮ್ಮ ಕಡೆಗೇ ಬರ್ತಿತ್ತು. ಎಣ್ಣೆ ವಾಸನೆ ಬರ್ಲಿಲ್ಲ ನಂಗೆ. ಏನೋ ಸರಿಯಿಲ್ಲ ಅಂತ ಗೊತ್ತಾಯ್ತು. ಬಾಯಿ ಬಿಡ್ಲಿಲ್ಲ."

ಹಾಲಿನಲ್ಲಿ ಯೊಂಗ್‌ಪಾಲನ ತಾಯಿ ಕೂತಿದ್ದಳು. ಇಜಾಂಗನ ಹೆಂಡತಿ ಕೂತಿದ್ದಳು. ವಕೀಲ ಹಾಳೆ ತಿರುಗಿಸಿ ನೋಡಿದ.

"ಅದು ದಿನಚರಿಯಲ್ಲಿ ಇಲ್ಲವಲ್ಲ ಅಮ್ಮಾ" ಎಂದ. "ದಾಖಲೆಯಲ್ಲಿ ಇಲ್ಲದ್ದನ್ನ ನಾವು ತಗೊಳ್ಳೋಕಾಗಲ್ಲ."

ಘಟಕ ಎಂಟು ವಾರ ನಿಂತು ಮತ್ತೆ ಶುರುವಾಯಿತು. ಹಲಗೆಗಳ ನಡುವೆ ಗಾಳಿಕೊಳವೆಗಳನ್ನು ನಿಲ್ಲಿಸಿದರು. ಬೆಳಗಿನ ಜಾವ ಊರಿನ ಮೇಲೆ ಮತ್ತೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ದಿನಚರಿ ಬರೆಯುವವರು ಯಾರೂ ಇಲ್ಲ. ಮುಂದಿನ ಮಾರ್ಚ್‌ನಲ್ಲಿ ಸಾಮೂಹಿಕ ಕೆಲಸಕ್ಕೆ ಯಾರೂ ಕೂಗಲಿಲ್ಲ. ಸೊಲ್ ಆಯೊಂಗ್ ಆ ವಿಭಾಗ ಬಿಟ್ಟಳು. ಒಕ್‌ಬುನ್ ಈಗಲೂ ದಿನಾ ಜಾಡಿಗಳ ಮುಚ್ಚಳ ತೆಗೆದು ಬಗ್ಗುತ್ತಾಳೆ, ಮುಚ್ಚುತ್ತಾಳೆ. ಯಾವುದಕ್ಕೆ ಬಿಸಿಲು ಸಾಲದು, ಯಾವುದಕ್ಕೆ ಉಪ್ಪು ಸಾಲದು ಎಂದು ಗೊತ್ತಾಗದೆ ಮಳೆಗಾಲದ ಹೊತ್ತಿಗೆ ಅವು ಒಂದೊಂದಾಗಿ ಕೆಟ್ಟವು.

ಹೋದದ್ದು ಮೂವರು ಗಂಡಸರು, ಒಂದು ಮೂಗು, ಇಪ್ಪತ್ತೆರಡರಲ್ಲಿ ಹದಿನೇಳು ಜಾಡಿ.